ಸುಡದ ಬಟ್ಟೆ

ಕ್ಯಾಲನೂರಿನ ನೇವಿ ಚನ್ನರಾಯಪ್ಪನ ಮನೆಗೆ ಹೊಸ ನೆಂಟರು ಬಂದರೆ ಅವರಿಗೊಂದು ತಮಾಷೆ ಕಾದಿರುತ್ತಿತ್ತು. ಕಾಫಿ ಲೋಟ ಕೆಳಗಿಡುವ ಹೊತ್ತಿಗೆ ಚನ್ನರಾಯಪ್ಪ ಹೆಂಡತಿಯನ್ನು ಕೂಗಿ ಹಡಗಿನ ಬಟ್ಟೆ ತರಿಸುತ್ತಿದ್ದ. ಬೂದು ಬಣ್ಣದ, ಕಂಬಳಿಯಷ್ಟು ದಪ್ಪದ ತುಂಡು. ಅದನ್ನು ಉರಿಯುವ ಒಲೆಗೆ ಹಾಕಿ, ನೆಂಟರು ಹೌಹಾರುವಂತೆ ಮಾಡಿ, ಆಮೇಲೆ ಇಕ್ಕಳದಲ್ಲಿ ಎತ್ತಿ ಪಟಪಟನೆ ಒದರುತ್ತಿದ್ದ. ಬಟ್ಟೆಗೆ ಏನೂ ಆಗಿರುತ್ತಿರಲಿಲ್ಲ. "ಬಾಯ್ಲರ್ ಪೈಪಿಗೆ ಸುತ್ತೋದು ಇದನ್ನ. ನಾವು ಸುಟ್ಟು ಬೂದಿ ಆದ್ರೂ ಇದು ಸುಡಲ್ಲ" ಎಂದು ಅವನು ಹೇಳಿದರೆ ಮಕ್ಕಳು ಚಪ್ಪಾಳೆ ತಟ್ಟುತ್ತಿದ್ದರು. ಒದರಿದ ಧೂಳು ಬಾಗಿಲ ಬಿಸಿಲಿನಲ್ಲಿ ಮಿನುಗುತ್ತಾ ಇಳಿಯುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡವರಲ್ಲ.

ಹದಿನೈದು ವರ್ಷ ಹಡಗಿನ ಬಾಯ್ಲರ್ ಕೋಣೆಯಲ್ಲಿ ದುಡಿದು, ಪೆನ್ಷನ್ ಮೇಲೆ ಊರಿಗೆ ಬರುವಾಗ ಬೇರೆಯವರು ರೇಡಿಯೋ, ಗೋಡೆ ಗಡಿಯಾರ ತಂದರೆ ಇವನು ತಂದದ್ದು ಈ ಬಟ್ಟೆ. ರಿಪೇರಿಯಲ್ಲಿ ಮಿಕ್ಕಿದ್ದು ಸುಮ್ಮನೆ ಬಿದ್ದಿತ್ತಂತೆ. ಹೆಂಡತಿ ಭಾರತಮ್ಮ ಮೊದಮೊದಲು ಮೂಗು ಮುರಿದಳು. ಒಂದು ಸಲ ಮುದ್ದೆ ಪಾತ್ರೆಗೆ ಸುತ್ತಿ ನೋಡಿದ ಮೇಲೆ ಬಿಟ್ಟವಳಲ್ಲ. ಒಲೆಯಿಂದ ಇಳಿಸಿದ ಪಾತ್ರೆಯನ್ನು ಎರಡು ಪಾದಗಳ ನಡುವೆ ಅದುಮಿ ಹಿಡಿದು ಕೋಲಿನಲ್ಲಿ ಹಿಟ್ಟು ತಿರುವುವಾಗ ಎಂಥ ಗಟ್ಟಿ ಪಾದವೂ ಚುರುಗುಟ್ಟುತ್ತದೆ. ಈ ಬಟ್ಟೆ ನಡುವೆ ಇದ್ದರೆ ಕಾಲಿಗೆ ಬಿಸಿಯೇ ತಾಗುತ್ತಿರಲಿಲ್ಲ. ಮಗಳು ಆಶಾರಾಣಿಯನ್ನು ಮಾಸ್ತಿಗೆ ಮದುವೆ ಮಾಡಿ ಕೊಟ್ಟಾಗ ಪಾತ್ರೆ, ಮುದ್ದೆ ಕೋಲಿನ ಜೊತೆಗೆ ಅದರಲ್ಲಿ ಅರ್ಧ ಕತ್ತರಿಸಿ ಕಳಿಸಿಕೊಟ್ಟಳು. ತಾಯಿ ಕೊಟ್ಟ ಬಳುವಳಿ.

ಸೊಸೆ ರಂಜಿತ ಮಾತ್ರ ಅದನ್ನು ಮುಟ್ಟಲಿಲ್ಲ. ಶ್ರೀನಿವಾಸಪುರದ ಹುಡುಗಿ. ನಿಂತುಕೊಂಡೇ, ಗ್ಯಾಸ್ ಸ್ಟೌ ಮೇಲೆಯೇ ಮುದ್ದೆ ತಿರುವಿ ಮುಗಿಸುತ್ತಿದ್ದಳು.

"ಆ ಬಟ್ಟೆ ಮುಟ್ಟಿದ್ರೆ ಕೈಯೆಲ್ಲ ನವೆ ಅತ್ತೆ. ನಂಗೆ ಬೇಡ."

"ಕೂತ್ಕೊಂಡು ತಿರುವಿದ್ರೆ ತಾನೇ ಮುದ್ದೆ? ನಿಂದು ಗಂಟು ಗಂಟು. ನಿಮ್ಮಾವ ಹಲ್ಲಿಲ್ದೆ ಇರೋದ್ರಿಂದ ನುಂಗ್ತಾರೆ, ಇಲ್ದಿದ್ರೆ ಗೊತ್ತಾಗ್ತಿತ್ತು" ಎಂದು ಭಾರತಮ್ಮ ಡೈರಿಗೆ ಹಾಲು ಹಾಕಲು ಹೋದಾಗಲೂ ನಾಲ್ಕು ಜನರ ಮುಂದೆ ಆಡಿಕೊಳ್ಳುತ್ತಿದ್ದಳು.

ಅವರೆಕಾಯಿ ಕಾಲ ಶುರುವಾಗುವ ಹೊತ್ತಿಗೆ ಚನ್ನರಾಯಪ್ಪನ ಕೆಮ್ಮು ಹೆಚ್ಚಾಯಿತು. ಬೀಡಿ ಮುಟ್ಟದ ಮನುಷ್ಯ. ಒಣ ಕೆಮ್ಮು. ಹಸುವಿಗೆ ಹುಲ್ಲು ಹಾಕಿ ಬರುವಷ್ಟರಲ್ಲಿ ಕಂಬ ಹಿಡಿದು ನಿಲ್ಲುತ್ತಿದ್ದ. ಮಗ ಮುರಳಿಮೋಹನ್ ಕೋಲಾರದ ಟೊಮೆಟೊ ಮಾರ್ಕೆಟ್ಟಿನ ಒಂದು ಮಂಡಿಯಲ್ಲಿ ಕೆಲಸಕ್ಕಿದ್ದವನು, ರಜೆ ಹಾಕಿ ಅಪ್ಪನನ್ನು ಮಾಜಿ ಸೈನಿಕರ ಆಸ್ಪತ್ರೆಗೆ ಕರೆದುಕೊಂಡು ಹೋದ. ಅವರು ಬೆಂಗಳೂರಿಗೆ ಬರೆದುಕೊಟ್ಟರು. ಬೆಂಗಳೂರಿನಲ್ಲಿ ಸ್ಕ್ಯಾನ್ ನೋಡಿದ ಡಾಕ್ಟರು ಕೇಳಿದರು, "ನೀವು ಏನು ಕೆಲಸ ಮಾಡ್ತಿದ್ರಿ?"

"ನೇವಿ ಸರ್. ಬಾಯ್ಲರ್ ರೂಮು. ಹಳೇ ಹಡಗು."

"ಪೈಪಿಗೆ ಸುತ್ತಿದ್ದನ್ನ ಕಿತ್ತಿದ್ದೀರಾ?"

"ಕಿತ್ತಿದ್ದೀನಿ, ಸುತ್ತಿದ್ದೀನಿ. ಸುತ್ತಿಗೇಲಿ ಒಡೆದು ಕೀಳೋದು. ಹಿಟ್ಟಿನ ಗಿರಣಿ ಥರ ಇರೋದು ಸರ್ ಒಳಗೆ. ಮೀಸೆಯೆಲ್ಲ ಬೆಳ್ಳಗಾಗೋದು."

ಡಾಕ್ಟರು ಪೆನ್ನು ಕೆಳಗಿಟ್ಟರು. "ಅದು ಆಸ್ಬೆಸ್ಟಾಸ್. ಅದರ ನಾರು ಕಣ್ಣಿಗೆ ಕಾಣಲ್ಲ. ಉಸಿರಲ್ಲಿ ಒಳಗೆ ಹೋದದ್ದು ಅಲ್ಲೇ ಕೂರುತ್ತೆ, ಆಚೆ ಬರಲ್ಲ. ಮೂವತ್ತು ನಲವತ್ತು ವರ್ಷ ಸುಮ್ನಿದ್ದು ಆಮೇಲೆ ಶುರುವಾಗುತ್ತೆ. ಉಸಿರಾಟ ಹೀಗೇ ಇರೋ ಹಾಗೆ ನೋಡ್ಕೊಳ್ಳೋಕೆ ಔಷಧಿ ಕೊಡ್ತೀನಿ. ವಾಸಿ ಮಾಡೋಕಾಗಲ್ಲ."

ಬಸ್ಸಿನಲ್ಲಿ ವಾಪಸ್ ಬರುವಾಗ ಚನ್ನರಾಯಪ್ಪ ಹೇಳಿದ ಮಾತು ಒಂದೇ. "ಮುಳಬಾಗಿಲಿನ ಆಂಜಿನಪ್ಪ ಇದ್ನಲ್ಲ, ನನ್ ಜೊತೆ ಅದೇ ಹಡಗಲ್ಲಿದ್ದೋನು. ಉಬ್ಬಸ ಅಂತಿದ್ದ. ಹೋದ ವರ್ಷ ತೀರ್ಕೊಂಡ." ಮುರಳಿ ಕಿಟಕಿಯ ಕಡೆ ನೋಡುತ್ತಾ ಕುಳಿತ.

ಲಾಯರ್ ವೇಣುಗೋಪಾಲ್ ಕೋಲಾರದಲ್ಲಿ ಸೈನಿಕರ ಪೆನ್ಷನ್ ಕೇಸುಗಳನ್ನೇ ಹೆಚ್ಚಾಗಿ ನೋಡುವವರು. ಅಪ್ಪ ಮಗ ಇಬ್ಬರೂ ಅವರ ಆಫೀಸಿಗೆ ಹೋದರು. ವೇಣುಗೋಪಾಲ್ ಸ್ಕ್ಯಾನಿನ ಚೀಟಿ ಓದಿ, ಸಮಾಧಾನವಾಗಿ ವಿವರಿಸಿದರು.

"ದಾರಿ ಇದೆ ಚನ್ನರಾಯಪ್ಪನೋರೆ. ಅಂಗವೈಕಲ್ಯದ ಪೆನ್ಷನ್ ಕೇಳಬಹುದು. ಮೊದ್ಲು ನಿಮ್ಮ ಸರ್ವಿಸ್ ದಾಖಲೆ ಇರೋ ಕಚೇರಿಗೆ ಅರ್ಜಿ, ಮೆಡಿಕಲ್ ಬೋರ್ಡ್ ಕೂರಿಸಿ ಅಂತ. ಬಿಟ್ಟು ಮೂವತ್ತು ವರ್ಷದ ಮೇಲಾಯ್ತು, ತಡ ಆಯ್ತು ಅನ್ನಬಹುದು. ಅಂದ್ರೆ ಬೆಂಗಳೂರಲ್ಲಿ ಸೇನೆಯವರ ಟ್ರಿಬ್ಯುನಲ್ ಇದೆ, ಅಲ್ಲಿಗೆ ಹೋಗೋಣ. ಈ ಕಾಯಿಲೆ ತಡವಾಗೇ ಬರೋದು ಅಂತ ಡಾಕ್ಟರೇ ಬರೆದಿದ್ದಾರೆ. ನಾಳೆ ನಿಮಗೇನಾದ್ರೂ ಆದ್ರೆ ಮನೆಯವರಿಗೂ ಅದರಿಂದ ಅನುಕೂಲ. ಆದ್ರೆ ಒಂದು. ಕಾಯಿಲೆ ಸರ್ವಿಸ್‌ನಿಂದಲೇ ಬಂತು ಅಂತ ನಾವು ತೋರಿಸ್ಬೇಕು. ನೀವು ಆ ಸಾಮಾನು ಮುಟ್ಟಿದ್ರಿ ಅನ್ನೋಕೆ ಏನಾದ್ರೂ ಇದ್ಯಾ?"

ಚನ್ನರಾಯಪ್ಪನ ಮುಖ ಆ ವಾರದಲ್ಲಿ ಮೊದಲ ಸಲ ಅರಳಿತು. "ಇದ್ಯಾ ಅಂದ್ರೆ! ಆ ಬಟ್ಟೇನೇ ಇದೆ ಸರ್ ನಮ್ಮನೇಲಿ. ನಾಳೆನೇ ತಂದು ನಿಮ್ ಟೇಬಲ್ ಮೇಲೆ ಹಾಕ್ತೀನಿ."

"ಮನೇಲಾ?"

"ಮೂವತ್ತು ವರ್ಷದಿಂದ. ನಮ್ಮನೆಯವಳು ದಿನಾ ಮುದ್ದೆಗೆ ಅದನ್ನೇ..." ಅವನ ಮಾತು ಅಲ್ಲಿಗೇ ನಿಂತಿತು. ಲಾಯರ ಮುಖ ನೋಡಿದ, ಮಗನ ಮುಖ ನೋಡಿದ. ಡಾಕ್ಟರ ಕೋಣೆಯಲ್ಲಿ ಹೊಳೆಯದೇ ಇದ್ದದ್ದು ಈಗ ಹೊಳೆದಿತ್ತು.

ವೇಣುಗೋಪಾಲ್ ಎದ್ದು ಹೋಗಿ ಬಾಗಿಲು ಹಾಕಿ ಬಂದರು. "ನೋಡಿ, ಲಾಯರಾಗಿ ಒಂದು ಮಾತು ಹೇಳ್ತೀನಿ. ಈ ಬಟ್ಟೆ ವಿಷಯ ಅರ್ಜೀಲಿ ಬೇಡ. ಬಂದ್ರೆ ಆ ಕಡೆಯೋರು ಏನಂತಾರೆ ಗೊತ್ತಾ? ಮನೇಲೇ ಮೂವತ್ತು ವರ್ಷ ಇಟ್ಕೊಂಡಿದ್ರು, ಕಾಯಿಲೆ ಅಲ್ಲಿಂದ ಬಂದಿರಬಹುದು, ಸರ್ವಿಸ್‌ಗೂ ಇದಕ್ಕೂ ಸಂಬಂಧ ಇಲ್ಲ ಅಂತಾರೆ. ಮನೆಯೋರನ್ನ ಆಸ್ಪತ್ರೆಗೆ ತೋರಿಸಿದ್ರೂ ಅಲ್ಲಿ ಬಟ್ಟೆ ಗಿಟ್ಟೆ ಅಂತ ಬರೆಸಬೇಡಿ."

"ಅವಳಿಗೇನಾದ್ರೂ ಆದ್ರೆ? ಅವಳಿಗೂ ಈ ಪೆನ್ಷನ್..."

"ಅವರು ಸರ್ವಿಸ್‌ನಲ್ಲಿ ಇರ್ಲಿಲ್ವಲ್ಲ" ಎಂದು ಲಾಯರು ಮೆಲ್ಲಗೆ ಹೇಳಿದರು.

ಅವತ್ತು ಸಂಜೆ ಭಾರತಮ್ಮ ಎಸರಿಗೆ ಹಿಟ್ಟು ಹಾಕಿ ಬೇಯಿಸಿ, ಪಾತ್ರೆ ಇಳಿಸಿ ನೋಡಿದರೆ ಬಟ್ಟೆ ಇಲ್ಲ.

"ಎಲ್ರೀ ನನ್ ಬಟ್ಟೆ? ಹಿಟ್ಟು ಆರೋಗ್ತಿದೆ!"

ಚನ್ನರಾಯಪ್ಪ ಹಿತ್ತಲಿನಿಂದ ಬಂದ. ಮೂಗಿಗೆ ಟವೆಲ್ ಕಟ್ಟಿಕೊಂಡಿದ್ದ. "ಅದನ್ನ ಇನ್ಮೇಲೆ ಮುಟ್ಬೇಡ."

"ಯಾಕೆ, ಹಡಗಿನೋರು ವಾಪಸ್ ಕೇಳಿದ್ರಾ?"

ಅವನು ನಗಲಿಲ್ಲ. ಹೊಸಿಲ ಮೇಲೆ ಕುಳಿತು, ನಡುನಡುವೆ ಕೆಮ್ಮುತ್ತಾ ಎಲ್ಲವನ್ನೂ ಹೇಳಿದ. ರಂಜಿತ ಅವರೆಕಾಳು ಹಿಸುಕುವುದನ್ನು ನಿಲ್ಲಿಸಿ ಕೇಳಿದಳು. ಭಾರತಮ್ಮ ತನ್ನ ಎರಡೂ ಪಾದಗಳನ್ನು ಸೀರೆಯೊಳಗೆ ಎಳೆದುಕೊಂಡಳು.

"ಒಲೆಗೆ ಹಾಕಿ ಸುಟ್ಟಾಕ್ರೀ ಅದನ್ನ!" ಎಂದು ಕಿರುಚಿದಳು.

ತಾನು ಏನು ಹೇಳಿದೆ ಎಂದು ಅವಳಿಗೇ ತಿಳಿದಾಗ ಕೈಯಲ್ಲಿದ್ದ ಮುದ್ದೆ ಕೋಲು ಕೆಳಗೆ ಬಿತ್ತು.

ಸುಡುವ ಹಾಗಿಲ್ಲ. ಹರಿದರೆ ಧೂಳು. ತಿಪ್ಪೆಗೆ ಹಾಕಿದರೆ ಗೊಬ್ಬರದ ಜೊತೆ ರಾಗಿ ಹೊಲಕ್ಕೆ ಹೋಗುತ್ತದೆ. ಕೊನೆಗೆ ಮುರಳಿ ಡಾಕ್ಟರಿಗೆ ಫೋನ್ ಮಾಡಿ ಕೇಳಿ, ಅದನ್ನು ನೀರಲ್ಲಿ ನೆನೆಸಿ, ಪ್ಲಾಸ್ಟಿಕ್ ಕವರಿನ ಮೇಲೆ ಕವರು ಹಾಕಿ ಕಟ್ಟಿ, ಪೇಂಟಿನ ಡಬ್ಬಿಯಲ್ಲಿಟ್ಟು ಮುಚ್ಚಳ ಬಿಗಿದ. ಡಬ್ಬಿ ಹಿತ್ತಲ ಮೂಲೆಯಲ್ಲಿ ಕೂತಿತು. ವಿಲೇವಾರಿ ಮಾಡುವವರು ಯಾರೆಂದು ಅವನು ಕೋಲಾರದಲ್ಲಿ ವಿಚಾರಿಸುತ್ತಿದ್ದ. ಅಲ್ಲಿಯವರೆಗೆ ಮನೆಯವರೆಲ್ಲ ಬಟ್ಟೆ ಒಣಗಿಸುವ ಹಗ್ಗವನ್ನು ಡಬ್ಬಿಯಿಂದ ದೂರ ಕಟ್ಟಿಕೊಂಡರು.

"ಆಶಕ್ಕನ ಹತ್ರ ಅರ್ಧ ಇದ್ಯಲ್ಲ?" ಎಂದು ಕೇಳಿದ್ದು ರಂಜಿತ.

"ಸಂಕ್ರಾಂತಿಗೆ ಬರ್ತಾಳಲ್ಲ, ಆಗ ಹೇಳೋಣ" ಎಂದ ಮುರಳಿ. "ಫೋನಲ್ಲಿ ಹೇಳಿದ್ರೆ ಗಾಬರಿ ಆಗ್ತಾಳೆ. ಅವಳ ಮನೇಲಿ ಗೊತ್ತಾದ್ರೆ ಊರೆಲ್ಲ ಗೊತ್ತಾದ ಹಾಗೆ. ಅರ್ಜಿ ಹೋಗ್ಲಿ ಮೊದ್ಲು."

"ಅಷ್ಟ್ ದಿನ ಅವ್ರು ಅದನ್ನ ಉಪಯೋಗಿಸ್ತಾನೇ ಇರ್ಬೇಕಾ?"

"ಮೂವತ್ತು ವರ್ಷ ಅಮ್ಮ ಉಪಯೋಗಿಸಿಲ್ವಾ? ಇನ್ನು ನಾಲ್ಕು ದಿನದಲ್ಲಿ ಏನಾಗುತ್ತೆ?"

"ಅಯ್ಯೋ ದೇವುಡಾ, ಇದೇನ್ರೀ ಮಾತು!" ಎಂದು ರಂಜಿತ ಎದ್ದು ಹೋದಳು. ಚನ್ನರಾಯಪ್ಪ ಮಗನನ್ನು ಬೈಯಲೂ ಇಲ್ಲ, ಹೂಂ ಎನ್ನಲೂ ಇಲ್ಲ. ಅವನ ಮೌನದ ಮೇಲೆಯೇ ದಿನಗಳು ಕಳೆದವು. ಸಂಕ್ರಾಂತಿಗೆ ಆಶಾರಾಣಿಗೆ ಬರಲಾಗಲಿಲ್ಲ. ಅವಳ ಮನೆಯಲ್ಲಿ ಹಸು ಕರು ಹಾಕಿತ್ತು. ಅರ್ಜಿಯೂ ಹೋಗಲಿಲ್ಲ. ಯಾವುದೋ ದಾಖಲೆಯ ನಕಲು ಬರಬೇಕಿತ್ತು.

ಭಯ ಹೊಕ್ಕ ಮನೆಯಲ್ಲಿ ಊಟದ ರುಚಿ ಹೋಗುತ್ತದೆ. ಭಾರತಮ್ಮ ಮುದ್ದೆ ಮಾಡುವುದನ್ನೇ ಬಿಟ್ಟಳು. ರಂಜಿತ ಮಾಡಿದ ಗಂಟು ಮುದ್ದೆಯನ್ನು ಮಾತಿಲ್ಲದೆ ನುಂಗಿದಳು. ಯಾರು ಕೆಮ್ಮಿದರೂ ತಲೆ ಎತ್ತುತ್ತಿದ್ದಳು. ಮುರಳಿ ಗಂಟಲು ಸರಿ ಮಾಡಿಕೊಂಡರೂ, "ಯಾಕೋ? ಎದೆ ಹಿಡೀತಾ?" ಎಂದು ಕೇಳುತ್ತಿದ್ದಳು. ತನ್ನ ಎದೆಯ ಫೋಟೋ ತೆಗೆಸಲು ಮಾತ್ರ ಒಪ್ಪಲಿಲ್ಲ.

"ಬನ್ನಿ ಅತ್ತೆ, ನಾನೂ ಬರ್ತೀನಿ ಜೊತೆಗೆ" ಎಂದು ರಂಜಿತ ಕರೆದಳು.

"ಒಳಗಿರೋದು ಒಳಗಿರ್ಲಿ ಬಿಡೇ. ನೋಡಿದ್ರೆ ಏನು, ಕಿತ್ತು ಹಾಕ್ತಾರಾ? ನೀನು ಮುಟ್ಲಿಲ್ವಲ್ಲ, ನಿನಗೇನು ಭಯ!"

ಅಂದ ಮೇಲೆ ಅವಳಿಗೇ ನಾಚಿಕೆಯಾಯಿತು. "ಒಳ್ಳೇದೇ ಆಯ್ತು ಕಣೇ, ನೀನು ಮುಟ್ದೆ ಇದ್ದಿದ್ದು" ಎಂದು ಸೊಸೆಯ ಬೆನ್ನು ಸವರಿದಳು.

ಒಂದು ಬೆಳಗ್ಗೆ ಆಶಾರಾಣಿಯ ಫೋನ್ ಬಂತು. ಕರುವಿನ ಸುದ್ದಿ, ಟೊಮೆಟೊ ರೇಟಿನ ಸುದ್ದಿ ಎಲ್ಲ ಆದ ಮೇಲೆ ಅವಳು ಮಗಳ ಮಾತೆತ್ತಿದಳು, "ಶ್ರೀವಾಣಿಗೆ ಒಂದ್ ವಾರದಿಂದ ಕೆಮ್ಮು ಅಮ್ಮ. ಈ ಚಳಿಗೆ ಎಲ್ಲಾ ಮಕ್ಳಿಗೂ ಹಂಗೇ ಆಗಿದೆ. ಸ್ಕೂಲಿಗೆ ಕಳಿಸಿಲ್ಲ."

ಭಾರತಮ್ಮ ಫೋನನ್ನು ಸೊಸೆಯ ಕೈಗೆ ಕೊಟ್ಟು ಅಡಿಗೆಮನೆಯ ನೆಲದ ಮೇಲೆ ಕೂತುಬಿಟ್ಟಳು. ಚನ್ನರಾಯಪ್ಪ ಬಂದು ಬಾಗಿಲಲ್ಲಿ ನಿಂತ.

"ಆಶಾ ಬಾಣಂತನ ಇಲ್ಲೇ ಮಾಡಿದ್ದು ನಾನು" ಎಂದಳು. "ಮಗೂಗೆ ನೀರು ಹಾಕಿ, ಸಾಂಬ್ರಾಣಿ ಹೊಗೆ ಕೊಡೋವಾಗ ಕೆಂಡ ಸಿಡಿಯುತ್ತೆ ಅಂತ ಆ ಬಟ್ಟೇನೇ ಹಾಸ್ತಿದ್ದೆ. ಅದನ್ನೇ ಒದರಿ ಮಡಚಿ ಇಡ್ತಿದ್ದೆ. ಮಗು ಮುಂದೇನೇ ಒದರ್ತಿದ್ದೆ ರೀ. ಐದು ತಿಂಗಳು. ಈ ಕೈಯಲ್ಲಿ."

"ಅದು ಚಳಿ ಕೆಮ್ಮು ಭಾರತೀ. ಇದು ಇಷ್ಟು ಬೇಗ ಬರೋದಲ್ಲ, ಡಾಕ್ಟರು ಹೇಳಿದ್ದಾರೆ."

"ಮತ್ತೆ ಯಾವಾಗ ಬರೋದು? ನಾವು ಸತ್ತ ಮೇಲಾ?"

ಡಾಕ್ಟರು ಹೇಳಿದ್ದೂ ಅದನ್ನೇ. ಚನ್ನರಾಯಪ್ಪ ಗೂಟಕ್ಕೆ ನೇತುಹಾಕಿದ್ದ ಅಂಗಿಯನ್ನು ತೆಗೆದು ಹಾಕಿಕೊಂಡು, "ಮುರಳೀ, ಕಾರು ಹೇಳೋ. ಮಾಸ್ತಿಗೆ ಹೋಗ್ಬೇಕು" ಎಂದ.

"ಅಪ್ಪ, ಲಾಯರು ಏನ್ ಹೇಳಿದ್ರು ಅಂತ..."

"ಕಾರು ಹೇಳು ಅಂದೆ."

ಆಶಾರಾಣಿ ಅವರನ್ನು ನೋಡಿ ಹಿಗ್ಗಿದಳು. ಅವಳ ಗಂಡ ಮಾಲೂರಿಗೆ ಕೆಲಸಕ್ಕೆ ಹೋಗಿದ್ದ, ಅತ್ತೆ ಹೊಲದಲ್ಲಿದ್ದರು. ಶ್ರೀವಾಣಿ ತಾತನ ಕೈಹಿಡಿದು ಕರು ತೋರಿಸಲು ಎಳೆಯುತ್ತಿದ್ದಳು. ಕೆಮ್ಮು ಆಗಲೇ ಕಡಿಮೆಯಾಗಿತ್ತು.

"ಫೋನ್ ಮಾಡ್ದೆ ಬಂದ್ರಲ್ಲಪ್ಪ! ಕೂತ್ಕೊಳ್ಳಿ, ಕಾಫಿ ಮಾಡ್ತೀನಿ."

"ಆ ಹಡಗಿನ ಬಟ್ಟೆ ಎಲ್ಲಿದೆ ಆಶಾ?" ಎಂದು ಭಾರತಮ್ಮ ನಿಂತಲ್ಲೇ ಕೇಳಿದಳು.

"ಅದಾ? ಇಲ್ಲೇ ಇದೆ. ಮುದ್ದೆಗೆ ಈಗ ಉಪಯೋಗಿಸಲ್ಲಮ್ಮ, ನಮ್ಮತ್ತೆಗೆ ಅದರ ವಾಸ್ನೆ ಆಗಲ್ಲ." ಆಶಾರಾಣಿ ಮೂಲೆಯ ಮೇಜಿನ ಕಡೆ ಕೈ ತೋರಿಸಿದಳು. ಮೇಜಿನ ಮೇಲೆ ಬೂದು ಬಣ್ಣದ ಬಟ್ಟೆ ಹಾಸಿತ್ತು. ಅದರ ಮೇಲೆ ಇಸ್ತ್ರಿಪೆಟ್ಟಿಗೆ. ಪಕ್ಕದಲ್ಲಿ ಮಡಚಿಟ್ಟ ಪುಟ್ಟ ಯೂನಿಫಾರ್ಮ್. "ಇಸ್ತ್ರಿಗೆ ಇದಕ್ಕಿಂತ ಒಳ್ಳೇ ಬಟ್ಟೆ ಇಲ್ಲ ನೋಡು. ಮರೆತು ಪೆಟ್ಟಿಗೆ ಇಟ್ರೂ ಸುಡಲ್ಲ. ದಿನಾ ಇವಳ ಯೂನಿಫಾರ್ಮ್ ಇದರ ಮೇಲೇನೇ."

ಭಾರತಮ್ಮ ಓಡಿ ಹೋಗಿ ಮೊಮ್ಮಗಳನ್ನು ಎತ್ತಿಕೊಂಡು ಅಂಗಳಕ್ಕೆ ಬಂದಳು. ಮುರಳಿ ಬಾಯಿಗೆ ಬಟ್ಟೆ ಕಟ್ಟಿಕೊಂಡು ಬಕೆಟ್ಟಿನಲ್ಲಿ ನೀರು ಹಿಡಿದ. ಏನೂ ಅರ್ಥವಾಗದೆ ನಿಂತಿದ್ದ ಮಗಳಿಗೆ ಚನ್ನರಾಯಪ್ಪ ಅಂಗಳದಲ್ಲಿ ನಿಂತು ಹೇಳಿದ. ಎಲ್ಲವನ್ನೂ ಹೇಳಿದ. ಬಾಣಂತನದ ಸಾಂಬ್ರಾಣಿಯ ಮಾತನ್ನು ಭಾರತಮ್ಮ ತಾನೇ ಹೇಳಿದಳು.

ಆಶಾರಾಣಿ ಅಳಲಿಲ್ಲ. ಅವಳು ಕೇಳಿದ್ದು ಒಂದೇ.

"ಯಾವಾಗ ಗೊತ್ತಾಯ್ತು ನಿಮಗೆ?"

ಮುರಳಿ ಬಕೆಟ್ಟನ್ನು ಕೆಳಗಿಟ್ಟ.

"ಅಪ್ಪ, ಯಾವಾಗ ಗೊತ್ತಾಯ್ತು?"

"ಒಂದು ತಿಂಗಳಾಯ್ತಮ್ಮ."

"ಒಂದು ತಿಂಗಳು ನಾನು ಇದರ ಮೇಲೆ ಇಸ್ತ್ರಿ ಹಾಕಿದ್ದೀನಿ" ಎಂದಳು ಆಶಾರಾಣಿ. "ಹಾಕಿ ಬಿಸಿಬಿಸಿಯಾಗಿ ಇವಳಿಗೆ ತೊಡಿಸಿದ್ದೀನಿ."

"ಅಕ್ಕ, ನಂದೇ ತಪ್ಪು" ಎಂದ ಮುರಳಿ. "ಕೇಸು ಹಾಳಾಗುತ್ತೆ ಅಂತ. ಲಾಯರು ಎಲ್ಲೂ ಹೇಳ್ಬೇಡಿ ಅಂದ್ರು. ಇಷ್ಟಕ್ಕೇ ಎಲ್ರಿಗೂ ಬರೋದಿಲ್ವಂತೆ. ತುಂಬಾ ಜನಕ್ಕೆ ಏನೂ ಆಗಲ್ವಂತೆ."

"ಇವಳಿಗೆ ಆಗಲ್ಲ ಅಂತ ಬರ್ಕೊಡ್ತಾರಾ?"

"ಅದು ಹೇಳಕ್ಕಾಗಲ್ವಂತೆ. ಈಗ ಎಕ್ಸ್‌ರೇ ತೆಗೆದ್ರೂ ಏನೂ ಕಾಣಲ್ಲ."

ಆಶಾರಾಣಿ ತಾಯಿಯ ಕಂಕುಳಿಂದ ಮಗಳನ್ನು ತೆಗೆದುಕೊಂಡಳು. ಆಮೇಲೆ ಅಪ್ಪನ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು. "ಹಂಗಿದ್ರೆ ಅರ್ಜೀಲಿ ಬಟ್ಟೆ ವಿಷಯ ಬರೆಸಿ. ಮನೆಗೆ ತಂದಿದ್ದು, ಅಮ್ಮ ಮುದ್ದೆಗೆ ಇಟ್ಕೊಂಡಿದ್ದು, ನಂಗೆ ಕೊಟ್ಟಿದ್ದು, ಇವಳಿಗೆ ಹಾಸಿದ್ದು, ಎಲ್ಲಾ ಬರೆಸಿ. ಇವಳಿಗೆ ನಲವತ್ತು ವರ್ಷ ಆದಾಗ ನೀವಿರಲ್ಲ, ಅಮ್ಮ ಇರಲ್ಲ. ಕೆಮ್ಮು ಬಂದು ಯಾವನೋ ಡಾಕ್ಟರು 'ನೀನು ಏನು ಕೆಲಸ ಮಾಡ್ತಿದ್ದೆ' ಅಂತ ಕೇಳಿದ್ರೆ ಇವಳು ಏನಂತ ಹೇಳ್ಬೇಕು? ಸರ್ಕಾರದ ಫೈಲಲ್ಲಿ ಒಂದು ಕಡೆ ಇರ್ಲಿ."

"ಪೆನ್ಷನ್ ಕೈತಪ್ಪಬಹುದು ಅಕ್ಕ. ಅಪ್ಪ ಹೋದ ಮೇಲೆ ಅಮ್ಮನಿಗೆ..."

"ನಂಗ್ಯಾಕೋ ಅದು!" ಎಂದು ಭಾರತಮ್ಮ ರೇಗಿದಳು. "ಮಗೂ ಉಸಿರು ಮಾರಿ ನಾನು ಅನ್ನ ತಿನ್ಲಾ?"

ಚನ್ನರಾಯಪ್ಪ ಕೊಟ್ಟಿಗೆಯ ಕಂಬ ಹಿಡಿದು ಒಂದು ಸುತ್ತು ಕೆಮ್ಮಿ, ಉಸಿರು ಹಿಡಿತಕ್ಕೆ ಬಂದ ಮೇಲೆ ಮಗನ ಫೋನು ಇಸಿದುಕೊಂಡ. ಅವನಿಗೆ ಹೆದರಿಕೆಯಾಗುತ್ತಿತ್ತು. ಬಾಯ್ಲರ್ ಕೋಣೆಯಲ್ಲಿ ಹಬೆ ಸೀಟಿ ಹೊಡೆದಾಗಲೂ ಇಷ್ಟು ಹೆದರಿದವನಲ್ಲ.

"ಸರ್, ಚನ್ನರಾಯಪ್ಪ ಮಾತಾಡ್ತಿರೋದು. ಬಟ್ಟೆ ವಿಷಯ ಬರೀರಿ... ಹೂಂ, ಎಲ್ಲಾ. ಮಗೂ ಹೆಸರು ಸಮೇತ."

ಆ ಕಡೆಯಿಂದ ವೇಣುಗೋಪಾಲ್ ತುಂಬಾ ಹೊತ್ತು ಮಾತಾಡಿದರು. "ಕೇಸು ಕಷ್ಟ ಆಗುತ್ತೆ ಅಂತ ಗೊತ್ತು ಸರ್. ಆಗ್ಲಿ. ಹಡಗಲ್ಲಿ ಧೂಳು ಕುಡಿದಿದ್ದು ಹಡಗಲ್ಲೇ ಕುಡಿದಿದ್ದು, ಅದನ್ನೂ ಬರೀರಿ. ಮನೆಗೆ ತಂದಿದ್ದು ನಾನು. ಅದನ್ನೂ ಬರೀರಿ" ಎಂದು ಹೇಳಿ ಫೋನು ಇಟ್ಟ.

ಮುರಳಿ ಇಸ್ತ್ರಿ ಮೇಜಿನ ಬಟ್ಟೆಯನ್ನು ನೆನೆಸಿ ಕಟ್ಟಿ, ಊರಿಂದ ತಂದಿದ್ದ ಇನ್ನೊಂದು ಡಬ್ಬಿಗೆ ಹಾಕಿದ. ಯೂನಿಫಾರ್ಮನ್ನೂ ಅದರೊಳಗೇ ತುರುಕಿದ. ಮನೆಯ ನೆಲವನ್ನು ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಒರೆಸಿದ ಬಟ್ಟೆಯನ್ನೂ ಕಟ್ಟಿಟ್ಟರು. ಹೊತ್ತು ಮಧ್ಯಾಹ್ನ ದಾಟಿತು. ಹೊಲದಿಂದ ಬಂದ ಅತ್ತೆಯನ್ನು ಆಶಾರಾಣಿ ಒಳಗೆ ಕರೆದು ಹೇಳಿದಳು. ಅವರು ಬೀಗರಿಗೆ ಊಟಕ್ಕೆ ಏಳಿ ಎಂದರು, ಅಷ್ಟೇ.

ಮುದ್ದೆಯನ್ನು ಭಾರತಮ್ಮನೇ ಮಾಡುತ್ತೇನೆಂದು ಕೂತಳು. ಗೋಣಿಚೀಲವನ್ನು ಒದ್ದೆ ಮಾಡಿ ಪಾತ್ರೆಗೆ ಸುತ್ತಿ ಕಾಲಲ್ಲಿ ಹಿಡಿದಳು. ಬಿಸಿ ತಾಗಿ ಪಾದ ಕೆಂಪಾಯಿತು. ಹಲ್ಲು ಕಚ್ಚಿಕೊಂಡು ತಿರುವಿದಳು.

"ಮುಂದಿನ ವಾರ ಎದೆ ಫೋಟೋ ತೆಗೆಸ್ಕೋತೀನಿ ಬಿಡೇ ಆಶಾ" ಎಂದಳು, ತಲೆ ಎತ್ತದೆ. "ರಂಜಿತನ ಜೊತೆ ಹೋಗ್ತೀನಿ."

ಎಲ್ಲರೂ ಸಾಲಾಗಿ ಕುಳಿತರು. ಹಿಸುಕಿದ ಅವರೆಕಾಳಿನ ಸಾರು, ಬಿಸಿ ಮುದ್ದೆ. ಶ್ರೀವಾಣಿ ತಾತನ ಪಕ್ಕದಲ್ಲಿ ಕುಳಿತು ಒಂದು ಚೂರು ಮುದ್ದೆಯನ್ನು ಸಾರಿನಲ್ಲಿ ಅದ್ದಿ ಬಾಯಿಗಿಟ್ಟಳು. ಇಟ್ಟವಳೇ ಕೆಮ್ಮಿದಳು. ಮತ್ತೆ ಕೆಮ್ಮಿದಳು. ಕಣ್ಣಲ್ಲಿ ನೀರು ಬಂತು.

ಎಲ್ಲರ ಕೈಯೂ ತಟ್ಟೆಯ ಮೇಲೆಯೇ ನಿಂತಿತು. ಭಾರತಮ್ಮ ಅರ್ಧಕ್ಕೆ ಎದ್ದಳು. ಆಶಾರಾಣಿ ಮಗಳ ಬೆನ್ನ ಮೇಲೆ ಕೈಯಿಟ್ಟಳು.

"ಖಾರ ತಾತ" ಎಂದಳು ಶ್ರೀವಾಣಿ. "ನೀರು."

ಚನ್ನರಾಯಪ್ಪ ಲೋಟವನ್ನು ಅವಳ ಬಾಯಿಗೆ ಹಿಡಿದ. ಅವಳು ಗಟಗಟನೆ ಕುಡಿದು, ಮೂಗು ಒರೆಸಿಕೊಂಡು, ಮತ್ತೆ ಮುದ್ದೆಗೆ ಕೈ ಹಾಕಿದಳು. ಉಳಿದವರು ಅವಳು ಇನ್ನೊಂದು ತುತ್ತು ನುಂಗುವುದನ್ನು ನೋಡುತ್ತಾ ಕುಳಿತರು. ಅದು ಇಳಿದ ಮೇಲೆ ಇನ್ನೊಂದು. ಅವರ ತಟ್ಟೆಯ ಮುದ್ದೆ ಆರಿ ಗಟ್ಟಿಯಾಗುತ್ತಿತ್ತು.